ಎರಡು ಸೆಕೆಂಡು

ರೆಫ್ರಿ ಎರಡೂ ಕೈ ಅಡ್ಡಡ್ಡ ಬೀಸಿ ಪಂದ್ಯ ನಿಲ್ಲಿಸಿದಾಗ ಆ ಸಭಾಂಗಣದಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನೇ. ‘ಯಾಕ್ ಸಾರ್ ನಿಲ್ಸಿದ್ರಿ? ಹುಡುಗ ನಿಂತೇ ಇದಾನಲ್ಲ!’ ಪಕ್ಕದಲ್ಲಿದ್ದವರು ನನ್ನ ತೋಳು ಹಿಡಿದು ಕೂರಿಸಿದರು. ರೆಫ್ರಿ ಮಾತ್ರ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವರು ನನ್ನ ಮಗನ ಭುಜಕ್ಕೆ ಕೈಕೊಟ್ಟು ನಿಧಾನವಾಗಿ ಸ್ಟೂಲಿನ ಕಡೆಗೆ ನಡೆಸಿಕೊಂಡು ಹೋಗುತ್ತಿದ್ದರು.

ನನ್ನದು ದಾಬಸ್‌ಪೇಟೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಡಾಬ್ಸ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರು ಹೊತ್ತ ಊರು ನಮ್ಮದು. ಬೆಂಗಳೂರಿಗೂ ತುಮಕೂರಿಗೂ ನಡುವೆ ಹೆದ್ದಾರಿಯ ಮೇಲೆ ಕೂತಿದೆ. ನಮ್ಮ ತಂದೆ ಗರಡಿಯಲ್ಲಿ ಸಾಮು ಮಾಡಿದವರು. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿತೆಂದರೆ ಚಿತ್, ಅಲ್ಲಿಗೆ ಮುಗಿಯಿತು, ಮಣ್ಣೇ ತೀರ್ಪು ಹೇಳುತ್ತದೆ ಎನ್ನುತ್ತಿದ್ದರು. ಮೊಮ್ಮಗ ಮಾತ್ರ ಕಾಲೇಜು ಸೇರಿದ ಮೇಲೆ ಬಾಕ್ಸಿಂಗ್ ಹಿಡಿದ. ಬೆಳಗಿನ ಜಾವ ಎದ್ದು ಶಿವಗಂಗೆ ರಸ್ತೆಯಲ್ಲಿ ಓಡುವುದು, ಸಂಜೆ ತುಮಕೂರಿನಲ್ಲಿ ಅಭ್ಯಾಸ, ರಾತ್ರಿ ಬಸ್ಸಿಳಿದು ಬರುವಾಗ ಹಸಿವಿನಿಂದ ಮುಖ ಬಾಡಿರುತ್ತಿತ್ತು. ಕ್ರೀಡಾ ಕೋಟಾದಲ್ಲಿ ಸೀಟು ಸಿಗಬಹುದು, ಆಮೇಲೆ ಸೈನ್ಯವೋ ರೈಲ್ವೆಯೋ ಎಂದು ನಾನೂ ಲೆಕ್ಕ ಹಾಕಿದ್ದೆ. ಸುಳ್ಳೇಕೆ ಹೇಳಲಿ, ಅವನ ಗುದ್ದಿನಲ್ಲಿ ನನ್ನ ಲೆಕ್ಕವೂ ಸೇರಿತ್ತು.

ನನ್ನ ಹೆಂಡತಿಗೆ ಇದು ಮೊದಲಿನಿಂದಲೂ ಒಗ್ಗಿರಲಿಲ್ಲ. 2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ರಾಜ್ಯಮಟ್ಟದ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಮೈಸೂರಿನ ಯುವಕನೊಬ್ಬ ಮುಖಕ್ಕೆ ಪೆಟ್ಟು ಬಿದ್ದು ಕುಸಿದ. ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡ. ಆ ಸುದ್ದಿ ಬಂದ ಪತ್ರಿಕೆಯನ್ನು ಅವಳು ಮಡಿಸಿ ದೇವರ ಮನೆಯ ಕಪಾಟಿನಲ್ಲಿ ಇಟ್ಟುಕೊಂಡಿದ್ದಾಳೆ. ಏಕೆ ಅಲ್ಲಿ ಎಂದು ನಾನು ಕೇಳಿಲ್ಲ. ‘ಅದು ಕಿಕ್‌ಬಾಕ್ಸಿಂಗ್ ಕಣೇ, ಕಾಲಿನಲ್ಲೂ ಒದೀತಾರೆ. ಇದು ಬೇರೆ’ ಎಂದು ಅವಳ ಬಾಯಿ ಮುಚ್ಚಿಸಿದ್ದೆ.

ಎರಡು ವರ್ಷದ ಹಿಂದಿನ ಆ ಫೈನಲ್ಲಿನಲ್ಲಿ ಮೊದಲೆರಡು ರೌಂಡು ಮಗನದೇ. ಮೂರೇ ರೌಂಡಿನ ಪಂದ್ಯ ಅದು. ಎರಡನೆಯದು ಮುಗಿದಾಗ ನಾನು ಹಗ್ಗದ ಹತ್ತಿರ ಓಡಿ, ‘ಇದೊಂದು ಬಿಡಬೇಡ ಮಗಾ, ನುಗ್ಗು!’ ಎಂದು ಕೂಗಿದೆ. ಅವನು ನುಗ್ಗಿದ. ಎದುರಾಳಿ ಹುಡುಗ ಅದಕ್ಕೇ ಕಾದಿದ್ದನೋ ಏನೋ, ಬಲಗೈಯಿಂದ ದವಡೆಗೊಂದು ಕೊಟ್ಟ. ಮಗ ಬೀಳಲಿಲ್ಲ. ರೆಫ್ರಿ ನಡುವೆ ಬಂದು ಎಂಟರವರೆಗೆ ಎಣಿಸಿದರು, ಎರಡು ಹೆಜ್ಜೆ ಮುಂದೆ ಬಾ ಎಂದರು, ಅವನ ಕಣ್ಣನ್ನೇ ನೋಡಿದರು, ನಿಲ್ಲಿಸಿಬಿಟ್ಟರು. ಗಡಿಯಾರದಲ್ಲಿ ಇನ್ನು ಅರ್ಧ ನಿಮಿಷವೂ ಇರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ದಾರಿಯುದ್ದಕ್ಕೂ ರೆಫ್ರಿಯನ್ನು ಬೈದೆ. ಯಾರ ಕಡೆಯವನೋ, ಎಷ್ಟು ತಿಂದಿದ್ದನೋ ಎಂದೂ ಅಂದೆ. ಅವನು ಕಿಟಕಿಗೆ ತಲೆಯಾನಿಸಿ ಸುಮ್ಮನಿದ್ದ. ನೆಲಮಂಗಲ ದಾಟಿದ ಮೇಲೆ ತಿರುಗಿ ಕೇಳಿದ:

‘ಅಪ್ಪಾ, ಎಷ್ಟನೇ ರೌಂಡಲ್ಲಿ ನಿಲ್ಸಿದ್ರು?’

ತಮಾಷೆ ಎಂದುಕೊಂಡೆ. ಹತ್ತು ನಿಮಿಷ ಬಿಟ್ಟು ಅದನ್ನೇ ಮತ್ತೆ ಕೇಳಿದ.

ಮರುದಿನ ಡಾಕ್ಟರು ಸ್ಕ್ಯಾನ್ ಮಾಡಿಸಿದರು. ಏನೂ ಕಾಣಲಿಲ್ಲ. ನಾನು ನಿಟ್ಟುಸಿರು ಬಿಟ್ಟರೆ ಅವರು ಬಿಡಲಿಲ್ಲ. ತಲೆಬುರುಡೆಯೊಳಗೆ ಮಿದುಳು ಅಲುಗಿ ಆಗುವ ಇಂಥ ಆಘಾತ ಸ್ಕ್ಯಾನಿನಲ್ಲಿ ಕಾಣುವುದೇ ಇಲ್ಲ ಎಂದರು. ಮರೆವು, ತಲೆನೋವು, ಮಾತಿಗೆ ತಡವಾಗಿ ಉತ್ತರಿಸುವುದು, ಇವೇ ಅದರ ಗುರುತು. ಮೊದಲ ಪೆಟ್ಟು ಮಾಯುವ ಮುನ್ನ ಎರಡನೆಯದು ಬಿದ್ದರೆ ಮಿದುಳು ಊದಿಕೊಳ್ಳಬಹುದು, ಪ್ರಾಣಕ್ಕೇ ಬರಬಹುದು ಎಂದರು. ತಲೆಗೆ ಬಿದ್ದ ಪೆಟ್ಟಿನಿಂದ ಪಂದ್ಯ ನಿಂತರೆ ಕನಿಷ್ಠ 30 ದಿನ ರಿಂಗಿಗೆ ಇಳಿಯಕೂಡದೆಂಬ ನಿಯಮ ಹವ್ಯಾಸಿ ಬಾಕ್ಸಿಂಗಿನಲ್ಲಿ ಇದೆಯಂತೆ. ಮಗನಿಗೆ ಅದು ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಅದೇ ಬಿಡುವಿನ ದಿನಗಳಲ್ಲಿ ಅವನ ಬಾಕ್ಸಿಂಗ್ ಮೇಷ್ಟ್ರು ಅಂಗಡಿಗೆ ಬಂದರು. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅವರು ಚಹಾ ಕುಡಿದು, ‘ಅರ್ಧ ನಿಮಿಷಕ್ಕೆ ಇಷ್ಟು ಕೋಪವಾದರೆ ಎರಡು ಸೆಕೆಂಡಿಗೆ ಏನಂತೀರಿ?’ ಎಂದು ಮೊಬೈಲಿನಲ್ಲಿ ಒಂದು ಹಳೆಯ ಪಂದ್ಯ ಹಾಕಿ ಕೊಟ್ಟರು.

1990ರ ಮಾರ್ಚ್ 17, ಅಮೆರಿಕದ ಲಾಸ್ ವೇಗಸ್. ಒಂದು ಕಡೆ ಮೆಕ್ಸಿಕೋದ ಹೂಲಿಯೊ ಸೀಸರ್ ಚಾವೆಸ್. ಇನ್ನೊಂದು ಕಡೆ 1984ರ ಒಲಿಂಪಿಕ್ಸ್‌ನಲ್ಲಿ ಹದಿನೇಳನೆಯ ವಯಸ್ಸಿಗೇ ಚಿನ್ನ ಗೆದ್ದ ಮೆಲ್ಡ್ರಿಕ್ ಟೇಲರ್. ಇಬ್ಬರೂ ವಿಶ್ವ ಚಾಂಪಿಯನ್ನರು, ಇಬ್ಬರೂ ಸೋಲು ಕಾಣದವರು. ಟೇಲರನ ಕೈ ನಮ್ಮ ಕಣ್ಣಿಗೆ ಸಿಗುವುದಿಲ್ಲ, ಅಷ್ಟು ವೇಗ. ಚಾವೆಸ್ ಕಡಿಮೆ ಹೊಡೆಯುತ್ತಾನೆ, ಆದರೆ ಅವನ ಒಂದೊಂದು ಏಟೂ ಒರಳಿನಲ್ಲಿ ಒನಕೆ ಬಿದ್ದ ಹಾಗೆ. ಹನ್ನೊಂದು ರೌಂಡು ಮುಗಿದಾಗ ಮೂವರು ತೀರ್ಪುಗಾರರಲ್ಲಿ ಇಬ್ಬರ ಲೆಕ್ಕದಲ್ಲಿ ಟೇಲರ್ ಬಹಳ ಮುಂದಿದ್ದ: 107-102, 108-101. ಕೊನೆಯ ರೌಂಡು ಸೋತರೂ, ಅದರಲ್ಲಿ ಒಮ್ಮೆ ನೆಲಕ್ಕೆ ಬಿದ್ದರೂ, ಗಂಟೆ ಹೊಡೆಯುವಾಗ ನಿಂತಿದ್ದರೆ ಸಾಕು, ಗೆಲುವು ಅವನದೇ.

ಇಪ್ಪತ್ತು ಸೆಕೆಂಡಿಗಿಂತ ಕಡಿಮೆ ಉಳಿದಿರುವಾಗ ಚಾವೆಸ್‌ನ ಬಲಗೈ ಬಿತ್ತು. ಟೇಲರ್ ಬಿದ್ದ, ಮೂಲೆಯ ಹಗ್ಗ ಹಿಡಿದು ಎದ್ದ. ರೆಫ್ರಿ ರಿಚರ್ಡ್ ಸ್ಟೀಲ್ ಎಣಿಕೆ ಮುಗಿಸಿ, ಸರಿಯಿದ್ದೀಯಾ ಎಂದು ಎರಡು ಸಲ ಕೇಳಿದ. ಉತ್ತರವಿಲ್ಲ. ಅದೇ ಹೊತ್ತಿಗೆ ಟೇಲರನ ಕಡೆಯ ಲೂ ಡುವಾ ರಿಂಗಿನ ಅಂಚಿಗೆ ಹತ್ತಿಬಿಟ್ಟ. ಟೇಲರನ ಕಣ್ಣು ಅತ್ತ ಹೊರಳಿತು. ಸ್ಟೀಲ್ ಕೈ ಬೀಸಿದ. ಉಳಿದಿದ್ದದ್ದು ಎರಡೇ ಸೆಕೆಂಡು.

‘ಅನ್ಯಾಯ!’ ಎಂದೆ. ಎರಡು ಸೆಕೆಂಡಿನಲ್ಲಿ ಚಾವೆಸ್ ರಿಂಗು ದಾಟಿ ಬಂದು ಇನ್ನೊಂದು ಏಟು ಹೊಡೆಯುವುದೂ ಕಷ್ಟ. ಆ ಪಂದ್ಯ ನೋಡಿದವರು ಮೂವತ್ತು ವರ್ಷದ ಮೇಲೂ ಈ ಜಗಳ ಬಿಟ್ಟಿಲ್ಲ, ನನಗೇನೂ ಆಶ್ಚರ್ಯವಿಲ್ಲ. ಸ್ಟೀಲನ ವಾದವೂ ಅಷ್ಟೇ ಗಟ್ಟಿ: ಗಡಿಯಾರ ನೋಡುವುದು ತನ್ನ ಕೆಲಸವಲ್ಲ, ಮನುಷ್ಯನನ್ನು ನೋಡುವುದು. ಆ ರಾತ್ರಿ ಟೇಲರನನ್ನು ಆಸ್ಪತ್ರೆಗೆ ಸಾಗಿಸಿದರು. ಕಣ್ಣಿನ ಬಳಿ ಮೂಳೆ ಮುರಿದಿತ್ತು, ಪಂದ್ಯದುದ್ದಕ್ಕೂ ತನ್ನದೇ ರಕ್ತ ನುಂಗಿದ್ದ. ಮರುವರ್ಷ ಇನ್ನೊಂದು ತೂಕದಲ್ಲಿ ವಿಶ್ವ ಪಟ್ಟ ಗೆದ್ದನಾದರೂ ಮೊದಲಿನ ಟೇಲರ್ ಮತ್ತೆ ಸಿಗಲಿಲ್ಲ. 2003ರಲ್ಲಿ ಟಿವಿಯ ಸಾಕ್ಷ್ಯಚಿತ್ರವೊಂದರಲ್ಲಿ ಅವನು ಮಾತಾಡಿದಾಗ ನಾಲಿಗೆ ತೊದಲುತ್ತಿತ್ತು.

ಮಗ ಇದೆಲ್ಲ ಕೇಳಿಸಿಕೊಂಡು ಪಂದ್ಯವನ್ನು ಹಿಂದಕ್ಕೆ ಓಡಿಸಿದ. ‘ಕೊನೇ ರೌಂಡಿಗೆ ಮುಂಚೆ ಅವನ ಕಡೆಯವರು ಏನ್ ಹೇಳ್ತಿದಾರೆ ಸಾರ್?’

ಮೇಷ್ಟ್ರು ಹೇಳಿದರು. ಈ ರೌಂಡು ಗೆಲ್ಲಲೇಬೇಕು ಎನ್ನುತ್ತಿದ್ದಾರೆ. ಮುಖ ಊದಿ, ಬಾಯಲ್ಲಿ ರಕ್ತ ತುಂಬಿದ್ದವನಿಗೆ, ಗೆಲುವು ಆಗಲೇ ಅಂಗೈಯಲ್ಲಿದ್ದವನಿಗೆ, ದೂರ ನಿಂತು ಕಾಲ ಕಳೆಯೋ ಎನ್ನಬೇಕಾದವರು ಹೋಗಿ ಹೊಡೆದಾಡು ಎಂದು ಕಳಿಸಿದರು. ಅವನು ಹೇಳಿದಂತೆ ಕೇಳಿದ.

ಮಗ ಏನೂ ಅನ್ನಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ನಾನು ಮೇಜಿನ ಮೇಲಿದ್ದ ತಾಮ್ರದ ತಂತಿಯ ಉಂಡೆಯನ್ನು ಸುಮ್ಮನೆ ಬಿಚ್ಚಿ ಸುತ್ತಿದೆ.

ರೆಫ್ರಿ ಬೇಗ ನಿಲ್ಲಿಸಿದನೋ ಇಲ್ಲವೋ ಎಂಬ ಪ್ರಶ್ನೆ ಅಲ್ಲಿಗೆ ನನಗೆ ಸಣ್ಣದಾಯಿತು. ತಡವಾಗಿ ನಿಲ್ಲಿಸಿದ ಕತೆಯನ್ನೂ ಮೇಷ್ಟ್ರು ಹೇಳಿದರು. 1962ರ ಮಾರ್ಚ್ 24ರಂದು ನ್ಯೂಯಾರ್ಕಿನಲ್ಲಿ ಎಮಿಲ್ ಗ್ರಿಫಿತ್ ಹನ್ನೆರಡನೇ ರೌಂಡಿನಲ್ಲಿ ಬೆನ್ನಿ ಪ್ಯಾರೆಟ್‌ನನ್ನು ಮೂಲೆಗೆ ಒತ್ತಿ ಗುದ್ದುತ್ತಲೇ ಇದ್ದ. ರೆಫ್ರಿ ಎಳೆದುಕೊಳ್ಳುವಷ್ಟರಲ್ಲಿ ಹೊತ್ತು ಮೀರಿತ್ತು. ಪ್ಯಾರೆಟ್ ಹತ್ತು ದಿನಕ್ಕೆ ಸತ್ತ. ಎಲ್ಲರೂ ರೆಫ್ರಿಯನ್ನು ಬೈದರು. ಆದರೆ ಹಿಂದಿನ ಡಿಸೆಂಬರಿನಲ್ಲಷ್ಟೇ ಇನ್ನೊಬ್ಬನಿಂದ ನಾಕ್‌ಔಟ್ ಆಗಿ ಹಣ್ಣಾಗಿದ್ದವನನ್ನು ಮೂರು ತಿಂಗಳು ಕಳೆಯುತ್ತಿದ್ದಂತೆ ಮತ್ತೆ ರಿಂಗಿಗೆ ಹತ್ತಿಸಿದವರು ಯಾರು? ರೆಫ್ರಿಯಂತೂ ಅಲ್ಲ.

ಇನ್ನೊಂದು ಬಗೆಯ ಜನವೂ ಇದ್ದರು. 1975ರಲ್ಲಿ ಮನಿಲಾದಲ್ಲಿ ಮಹಮ್ಮದ್ ಅಲಿಯ ಎದುರು ಜೋ ಫ್ರೇಸಿಯರ್ ಹದಿನಾಲ್ಕು ರೌಂಡು ಆಡಿದ್ದ, ಉಳಿದಿದ್ದದ್ದು ಒಂದೇ. ಅವನ ಗುರು ಎಡ್ಡಿ ಫಚ್ ಏಳಬೇಡ ಎಂದು ತಾನೇ ಪಂದ್ಯ ಬಿಟ್ಟುಕೊಟ್ಟ. ಶಿಷ್ಯ ಬೇಡಿಕೊಂಡರೂ ಕೇಳಲಿಲ್ಲ. ಎದುರು ಮೂಲೆಯಲ್ಲಿ ಅಲಿಯೂ ಸೋತು ಸುಣ್ಣವಾಗಿದ್ದ; ಇನ್ನು ಮೂರು ನಿಮಿಷದಲ್ಲಿ ಏನು ಬೇಕಾದರೂ ಆಗಬಹುದಿತ್ತು. ಫಚ್‌ಗೆ ಅದು ಕಾಣದೆ ಇರುತ್ತದೆಯೇ?

ನನ್ನ ಕಸುಬಿನಲ್ಲಿ ಇದು ದಿನಾ ನೋಡುವ ಸಂಗತಿ. ಒಂದು ಫೇಸ್ ಹೋದರೆ ಪಂಪಿನ ಮೋಟಾರು ಗುಂಯ್‌ಗುಡುತ್ತದೆ, ಬಿಸಿಯಾಗುತ್ತದೆ. ರೈತನಿಗೂ ಕೇಳುತ್ತದೆ. ಇನ್ನೊಂದು ಮಡಿಗೆ ನೀರು ಹಾಯಲಿ ಎಂದು ಬಿಡುತ್ತಾನೆ. ಕಾಯಿಲು ಸುಟ್ಟು ನನ್ನ ಅಂಗಡಿಗೆ ಬರುತ್ತದೆ. ‘ಬೇಗ ಆಫ್ ಮಾಡಬಾರದಿತ್ತೇನಪ್ಪ?’ ಎಂದು ನಾನೇ ಎಷ್ಟು ಜನಕ್ಕೆ ಬುದ್ಧಿ ಹೇಳಿಲ್ಲ! ಮೋಟಾರಾದರೆ ಹೊಸ ತಂತಿ ಸುತ್ತಿ ಕೊಡುತ್ತೇನೆ.

ಮಗ ಡಾಕ್ಟರ ಒಪ್ಪಿಗೆ ಪಡೆದು ಮತ್ತೆ ಅಭ್ಯಾಸಕ್ಕೆ ಹೋಗತೊಡಗಿದ. ಬಿಡು ಎಂದು ನಾನೂ ಹೇಳಲಿಲ್ಲ. ಅವನ ಅಮ್ಮ ಹೇಳಿದಳು, ಅವನು ಕೇಳಲಿಲ್ಲ. ಮುಂದಿನ ಸ್ಪರ್ಧೆಗೆ ಮುಂಚೆ ಮೇಷ್ಟ್ರು ನನ್ನನ್ನು ಕರೆದು, ಈ ಸಲ ಕೂಗುವುದಾದರೆ ಬರಬೇಡಿ, ಸುಮ್ಮನಿರುವುದಾದರೆ ನಮ್ಮ ಮೂಲೆಯ ಹಿಂದೆಯೇ ಕೂತುಕೊಳ್ಳಿ ಎಂದರು. ಹುಡುಗನಿಗೆ ಆಗುತ್ತಿಲ್ಲ ಎನ್ನಿಸಿದರೆ ಮೂಲೆಯವರೇ ಟವೆಲ್ ಎಸೆದು ಪಂದ್ಯ ನಿಲ್ಲಿಸಬಹುದು, ರೆಫ್ರಿಗೇ ಕಾಯಬೇಕಾಗಿಲ್ಲ ಎಂದೂ ತಿಳಿಸಿದರು. ಇದೂ ನನಗೆ ಹೊಸದೇ.

ಹೊರಡುವ ಹಿಂದಿನ ಸಂಜೆ ಬಸ್ ನಿಲ್ದಾಣದ ಬಳಿಯ ಬಟ್ಟೆ ಅಂಗಡಿಗೆ ಹೋದೆವು. ಮಗ ಒಂದು ಕಂದು ಬಣ್ಣದ ಟವೆಲ್ ಎತ್ತಿಕೊಂಡು, ‘ಇದು ಸಾಕಪ್ಪ, ಬಿಳಿದು ಬೇಗ ಕೊಳೆಯಾಗತ್ತೆ’ ಎಂದ.

ನಾನು ಬಿಳಿಯದನ್ನೇ ಕಟ್ಟಿಸಿಕೊಂಡೆ. ದೂರಕ್ಕೆ ಕಾಣಬೇಕಲ್ಲ.