ಇಪ್ಪತ್ತೊಂದು ಗೇರಿನ ಸೈಕಲ್ಲು

ವಿಜಯಪುರದ ಬಿಸಿಲಿನಲ್ಲಿ ಬೆಳೆದ ನನಗೆ ಪುಣೆಯ ಚಳಿಗಾಲದ ಬೆಳಗು ಒಂದು ಪರೀಕ್ಷೆಯೇ ಸರಿ. ಡಿಸೆಂಬರಿನಲ್ಲಿ ಪಾದರಸವು ಹತ್ತು-ಹನ್ನೆರಡು ಡಿಗ್ರಿಗೆ ಇಳಿದಾಗ ಕಂಬಳಿಯಿಂದ ಹೊರಗೆ ಕಾಲಿಡುವುದೇ ಸಾಹಸವೆಂದು ತಿಳಿದವನು ನಾನು. ಅಂಥವನನ್ನು ಕಳೆದ ಚಳಿಗಾಲದ ಒಂದು ರವಿವಾರ ನಸುಕಿನಲ್ಲಿಯೇ ಬೀದಿಗೆ ಎಳೆದು ತಂದ ಕೀರ್ತಿಯು ನನ್ನ ಗೆಳೆಯನಿಗೂ ಅವನ ಹೊಸ ಸೈಕಲ್ಲಿಗೂ ಸಲ್ಲಬೇಕು.

ಗೆಳೆಯ ನಮ್ಮೂರಿನವನೇ; ಇಲ್ಲಿಯ ಕಾರಖಾನೆಯೊಂದರಲ್ಲಿ ಫಿಟ್ಟರ್. ಎರಡು ವರ್ಷ ಹಣ ಕೂಡಿಟ್ಟು ಅವನು ಕೊಂಡದ್ದು ‘ಮೌಂಟನ್ ಬೈಕ್’. ೧೯೭೦ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಕೆಲವು ತರುಣರು ದಪ್ಪ ಟಾಯರಿನ ಹಳೆಯ ಸೈಕಲ್ಲುಗಳನ್ನು ಗುಡ್ಡದಿಂದ ಕೆಳಗೆ ಓಡಿಸುತ್ತ ಆಡಿದ ಆಟದಿಂದ ಈ ಜಾತಿ ಹುಟ್ಟಿತಂತೆ. ಇಳಿದವರು ಮರಳಿ ಏರಬೇಕಲ್ಲ! ಅದಕ್ಕಾಗಿ ಗೇರುಗಳು ಬಂದವು. ಗೆಳೆಯನದರಲ್ಲಿ ಅವು ಇಪ್ಪತ್ತೊಂದು. ನನ್ನದಾದರೋ ಜೂನಾ ಬಜಾರಿನಲ್ಲಿ ಕೊಂಡ ಕರಿಯ ಸೈಕಲ್ಲು. ಅದಕ್ಕೆ ಗೇರು ಒಂದೇ, ಸದ್ದು ಮಾತ್ರ ಇಪ್ಪತ್ತೊಂದು.

ಬಾಜೀರಾಯನ ಕಾಲದಲ್ಲಿ, ೧೭೩೨ರಲ್ಲಿ, ಸಿದ್ಧವಾದ ಶನಿವಾರವಾಡೆಯ ಮುಂದಿನಿಂದ ಹೊರಟೆವು. ಮುಠಾ ನದಿಯ ಮೇಲೆ ಮಂಜು ಹಾಲಿನ ಕೆನೆಯಂತೆ ನಿಂತಿತ್ತು. ಒಂದು ಕಾಲಕ್ಕೆ ಸೈಕಲ್ಲುಗಳ ನಗರವೆಂದು ಹೆಸರಾದ ಊರಿದು. ಆ ಹೊತ್ತಿಗೆ ನಮ್ಮವೆರಡನ್ನು ಬಿಟ್ಟರೆ ಹಾಲಿನವನದೊಂದು ಕಂಡಿತು. ಡೆಕ್ಕನ್ ದಾಟಿ ಕರ್ವೆ ರಸ್ತೆ ಹಿಡಿದೆವು. ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಮುಗಿಸಿ ಹಿಂಗಣೆಯ ಆಶ್ರಮದ ವಿಧವೆಯರಿಗೆ ಕಲಿಸಲೆಂದು ದಿನವೂ ನಡೆದೇ ಹೋಗುತ್ತಿದ್ದ ಮಹರ್ಷಿ ಕರ್ವೆಯವರ ಹೆಸರನ್ನು ಹೊತ್ತ ರಸ್ತೆಯದು. ಈಗ ಅದರ ನೆತ್ತಿಯ ಮೇಲೆ, ೨೦೨೨ರಿಂದ, ಮೆಟ್ರೋ ಓಡುತ್ತದೆ.

ಪೌಡ ರಸ್ತೆಯಲ್ಲಿ ಚಾಂದನಿ ಚೌಕದ ಏರು ಆರಂಭವಾಯಿತು. ಗೆಳೆಯ ಮಾತನಾಡುತ್ತಲೇ ಏರಿದ. ನನಗೆ ಉಸಿರು ಸಿಕ್ಕದೆ ಇಳಿದು ನಿಂತೆ. ಅವನು ಹಿಂದಿರುಗಿ ಬಂದು ತನ್ನ ಸೈಕಲ್ಲನ್ನು ನನ್ನ ಕೈಗಿತ್ತ.

“ಮಾಸ್ತರ, ನಿನ್ನ ಕಾಲಾಗ ಬಲ ಕಡಿಮಿ ಇಲ್ಲೋ. ಏರಿಗೆ ತಕ್ಕ ಗೇರು ಇಲ್ಲ, ಅಷ್ಟ,” ಎಂದ.

ಫಿಟ್ಟರನಲ್ಲವೆ, ಲೆಕ್ಕವನ್ನೂ ಹೇಳಿದ. ಮುಂದಿನ ಚಿಕ್ಕ ಚಕ್ರಕ್ಕೆ ೨೪ ಹಲ್ಲು, ಹಿಂದಿನ ದೊಡ್ಡದಕ್ಕೆ ೨೮. ಪೆಡಲು ಒಂದು ಸುತ್ತು ಬಂದರೂ ಗಾಲಿ ಪೂರ್ತಿ ಒಂದು ಸುತ್ತು ಬಾರದು. ನನ್ನ ಸೈಕಲ್ಲಿನಲ್ಲಿ ಒಂದು ಸುತ್ತಿಗೆ ಗಾಲಿಯು ಎರಡಕ್ಕೂ ಮಿಗಿಲಾಗಿ ತಿರುಗಬೇಕು. ಏರು ಅದೇ, ಭಾರ ಅದೇ. ಆ ಕೆಲಸವನ್ನು ಸಣ್ಣ ಸಣ್ಣ ತುತ್ತು ಮಾಡಿ ಉಣಿಸುವುದೇ ಗೇರಿನ ಧರ್ಮ. ಕಾಲು ಬೇಗ ಬೇಗ ತಿರುಗಿತು, ಸೈಕಲ್ಲು ನಿಧಾನವಾಗಿ ಏರಿತು, ಆದರೆ ಏರಿತು.

ಏರುತ್ತಿದ್ದಂತೆ ಒಂದು ಮುಖ ಕಣ್ಣೆದುರು ನಿಂತಿತು. ನನ್ನ ಐದನೆಯ ಇಯತ್ತೆಯಲ್ಲಿ ಯಾದಗಿರಿ ಸೀಮೆಯ ಹುಡುಗನೊಬ್ಬನಿದ್ದ. ತಂದೆತಾಯಿಗಳು ಕಟ್ಟಡದ ಕೂಲಿಕಾರರು; ಕೆಲಸ ಹೋದಲ್ಲಿ ಅವರು, ಅವರು ಹೋದಲ್ಲಿ ಅವನು. ನಾಲ್ಕು ವರ್ಷಗಳಲ್ಲಿ ಮೂರು ಊರು ಕಂಡವನಿಗೆ ಒತ್ತಕ್ಷರ ಬಂತೆಂದರೆ ನಾಲಿಗೆ ನಿಂತುಬಿಡುತ್ತಿತ್ತು. ಹಿಂದಿನ ಬುಧವಾರ, ಮಕ್ಕಳೆಲ್ಲರ ಎದುರಿಗೆ, “ನಿನಗೆ ಓದು ಒಗ್ಗದು, ಕೂತುಕೊ,” ಎಂದಿದ್ದೆ. ಗುರುವಾರದಿಂದ ಅವನ ಜಾಗ ಬರಿದಾಗಿತ್ತು. ಅವನ ವಿಳಾಸವೆಂದು ದಾಖಲೆಯಲ್ಲಿದ್ದುದು ಇದೇ ಏರಿನ ಮೇಲಿನ ಕಟ್ಟಡವೊಂದರ ಹೆಸರು.

ಗೆಳೆಯನಿಗೆ ಹೇಳಿದೆ. “ಹಂಗಾರ ನಡಿ,” ಎಂದಷ್ಟೇ ನುಡಿದ.

ತಗಡಿನ ಶೆಡ್ಡುಗಳ ಮುಂದೆ ಅವನ ತಾಯಿ ಒಲೆ ಹೊತ್ತಿಸುತ್ತಿದ್ದಳು. ನನ್ನನ್ನು ಕಂಡು ಸೆರಗು ಸರಿಪಡಿಸಿಕೊಂಡು ಎದ್ದಳು. “ಊರಿಗಿ ಅವರಜ್ಜಿ ಕಡಿ ಕಳಸ್ತೀವ್ರಿ ಸರ. ನನಗ ಓದು ಬರಂಗಿಲ್ಲ ಅಂತಾನ್ರಿ,” ಎಂದಳು. ಹುಡುಗ ಬಾಗಿಲ ಹಿಂದಿನಿಂದ ನೋಡುತ್ತಿದ್ದ.

ಹತ್ತು ವರ್ಷ ಪಾಠ ಹೇಳಿದ ಬಾಯಿಗೆ ಆಗ ಮಾತು ಕಷ್ಟವಾಯಿತು. “ಅದು ಅವನ ಮಾತಲ್ಲವ್ವಾ, ನನ್ನದು. ತಪ್ಪು ನಂದ ಆಗೇದ,” ಎಂದೆ. ಆ ತಾಯಿ ಏನೂ ಹೇಳದೆ ಎರಡು ಲೋಟ ಕರಿಚಹ ತಂದು ಕೊಟ್ಟಳು. ಗೆಳೆಯ ಹುಡುಗನನ್ನು ಹೊಸ ಸೈಕಲ್ಲಿನ ಮೇಲೆ ಕೂರಿಸಿ ಹಿಡಿದುಕೊಂಡ. ಕಾಲು ಪೆಡಲಿಗೆ ಮುಟ್ಟಲಿಲ್ಲ. ಆದರೂ ಗೇರುಗಳನ್ನೆಲ್ಲ ಎಣಿಸಿಯೇ ಇಳಿದ.

ಸೋಮವಾರ ಅವನು ಬಂದ. ಅಂದಿನಿಂದ ಘಂಟೆಗೆ ಮುನ್ನ ಅರ್ಧ ತಾಸು ನಾವಿಬ್ಬರೂ ಒಂದನೆಯ ಇಯತ್ತೆಯ ಪುಸ್ತಕ ತೆರೆಯುತ್ತೇವೆ. ಈಗ ಮೂರನೆಯದಕ್ಕೆ ಬಂದಿದ್ದೇವೆ. ಆ ಕಟ್ಟಡಕ್ಕೆ ಕೊನೆಯ ಮಾಳಿಗೆ ಏರುತ್ತಿದೆ. ಅದು ಮುಗಿದ ಮೇಲೆ ಅವರ ಗಂಟುಮೂಟೆ ಎತ್ತ ಸಾಗುವುದೋ ಹೇಳಲಾರೆ. ಅದಕ್ಕೆ ಮೊದಲು ನಾಲ್ಕನೆಯದನ್ನಾದರೂ ಮುಗಿಸಬೇಕೆಂಬುದು ನಮ್ಮಿಬ್ಬರ ಹಟ.

ವಿದ್ಯಾರ್ಥಿ ಮಿತ್ರರೇ, ನಿಮಗೆ ಪಾಠವೊಂದು ಏರಿನಂತೆ ತೋರಿದರೆ ನಿಮ್ಮ ಬಲವನ್ನು ಹಳಿದುಕೊಳ್ಳಬೇಡಿ. ನಿಮ್ಮ ಗುರುಗಳ ಬಳಿ ಬನ್ನಿ, ಗೇರು ಇಳಿಸಿರೆಂದು ಕೇಳಿ. ಕೇಳದೆಯೇ ಇಳಿಸಬೇಕಾದುದು ನಮ್ಮ ಕೆಲಸ. ನಾನದನ್ನು ತಡವಾಗಿ ಕಲಿತೆ.