ಜೈಭೀಮ್ ಆದ್ಮೇಲೆ 1956

ನಿಮ್ಮ ಪಾಸ್‌ವರ್ಡ್ ಹೇಳ್ಲಾ? ಮೊದಲು ಜೈಭೀಮ್, ಆಮೇಲೆ ಅಟ್ ಗುರುತು, ಕೊನೆಗೆ 1956, ಇಲ್ಲಾಂದ್ರೆ 1891. ಸ್ವಲ್ಪ ಹೆಚ್ಚು ಓದಿಕೊಂಡವರಾದರೆ ಮಹಾಡದ 1927. ನಗಬೇಡಿ. ಆಫೀಸು ಮುಗಿಸಿ ಸಂಜೆ ನಮ್ಮ ಹುಡುಗರಿಗೆ ಅರ್ಜಿ ತುಂಬಿಕೊಡುವಾಗ ನಾನು ನೋಡ್ತಾ ಬಂದಿರೋದು ಇದನ್ನೇ.

ಬಾಬಾಸಾಹೇಬರ ಮೇಲಿನ ಪ್ರೀತಿ ಸರಿ. ಆದರೆ ಈ ಇಸವಿಗಳು ನಮ್ಮನ್ನು ಕಂಡರಾಗದವರಿಗೂ ಬಾಯಿಪಾಠ. ಪೋಸ್ಟ್ ಹಾಕಿದ ಅರ್ಧ ಗಂಟೆಗೆ ಬಂದು ಬೈಯೋರಲ್ಲಿ ಒಬ್ಬ ಕೂತು ನಾಲ್ಕೈದು ಸಲ ಊಹೆ ಮಾಡಿದರೆ ಸಾಕು. ಸಂಘಟನೆಯ ಪೇಜು ಅವನ ಕೈಗೆ ಹೋದರೆ ನಮ್ಮ ಹೆಸರಲ್ಲಿ ಏನು ಬರೀತಾನೋ, ಕೇಸು ಯಾರ ಮೇಲೆ ಬೀಳುತ್ತೋ, ಯೋಚಿಸಿ.

ಇದಕ್ಕಿಂತ ಹೊಟ್ಟೆ ಉರಿಸೋದು ಇನ್ನೊಂದಿದೆ. ಹೋದ ವರ್ಷ ಡಿಗ್ರಿ ಓದೋ ಹುಡುಗಿಯೊಬ್ಬಳು ಸ್ಕಾಲರ್‌ಶಿಪ್ ರಿನ್ಯೂವಲ್‌ಗೆ ಬಂದಳು. ‘ಪಾಸ್‌ವರ್ಡ್ ಏನವ್ವಾ?’ ಅಂದೆ. ‘ಗೊತ್ತಿಲ್ಲ ಅಣ್ಣಾ, ಸೈಬರ್ ಸೆಂಟರ್‌ನೋರ ಪುಸ್ತಕದಲ್ಲಿದೆ’ ಅಂದಳು. ಆಧಾರ್ ಅವಳದು, ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್ ಅವಳದು, ದುಡ್ಡು ಬರೋ ಖಾತೆ ಅವಳದು. ಬೀಗದ ಕೈ ಮಾತ್ರ ಇನ್ಯಾರದೋ ನೋಟ್‌ಬುಕ್ಕಿನಲ್ಲಿ. ಅದನ್ನು ನೋಡಿ ಹೇಳೋಕೆ ಪ್ರತಿ ಸಲ 50 ರೂಪಾಯಿ. ಮರೆತುಹೋಗಿದೆ ಅಂತ ಒತ್ತಿದರೆ ಓಟಿಪಿ ಹೋಗಿದ್ದೂ ಅವರದೇ ಮೊಬೈಲಿಗೆ! ನಮ್ಮ ತಾತಂದಿರಿಗೆ ಅಕ್ಷರ ಮುಟ್ಟಬೇಡಿ ಅಂದ ಕಾಲ ಹೋಯ್ತು ಅಂತೀವಿ. ಮೊಮ್ಮಗಳ ಎಂಟು ಅಕ್ಷರ ಇನ್ನೂ ಬೇರೆಯವರ ಗಲ್ಲಾಪೆಟ್ಟಿಗೆ ಪಕ್ಕದಲ್ಲಿದೆ.

ಕ್ಯಾಪಿಟಲ್ ಹಾಕಿ, ಅಂಕಿ ಹಾಕಿ, ಮೂರು ತಿಂಗಳಿಗೊಮ್ಮೆ ಬದಲಿಸಿ ಅಂತ ಆಫೀಸುಗಳಲ್ಲಿ ಈಗಲೂ ಜೀವ ತಿಂತಾರಲ್ಲ, ಆ ತರದ ನಿಯಮಗಳನ್ನು 2003ರಲ್ಲಿ ಬರೆದ ಅಮೆರಿಕದ ಬಿಲ್ ಬರ್ ಅವರೇ 2017ರಲ್ಲಿ ಅದಕ್ಕಾಗಿ ವಿಷಾದಪಟ್ಟರು. ಈಗ ತಿಳಿದವರು ಹೇಳೋದು, ಉದ್ದ ಇರಲಿ ಅಂತ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದ: ಹಲಗೆ, ನುಗ್ಗೆ, ರೈಲು, ಗುಬ್ಬಿ. (ಇದನ್ನೇ ಇಟ್ಕೋಬೇಡಿ ಮತ್ತೆ!) ನಮ್ಮ ಕೇರಿಯ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ಹಲಗೆ ಸದ್ದಿಗೆ ನುಗ್ಗೆಮರದ ಗುಬ್ಬಿ ಹಾರಿ ರೈಲು ಹತ್ತಿತು ಅಂತ ಒಂದು ಚಿತ್ರ ಕಟ್ಟಿಕೊಂಡರೆ ಮರೆಯಲ್ಲ. ಹಾಡಿನ ಸಾಲು, ಗಾದೆ ಬೇಡ, ಅವು ಎಲ್ಲರಿಗೂ ಗೊತ್ತು.

ಪದ ಆರಿಸೋದನ್ನ ಮನಸ್ಸಿಗೆ ಬಿಡಬೇಡಿ. ಮನಸ್ಸು ಪ್ರೀತಿಸಿದ್ದನ್ನೇ ಆರಿಸುತ್ತೆ, ಅಲ್ಲೇ ಸಿಕ್ಕಿಬೀಳ್ತೀವಿ. ಡೈಸ್‌ವೇರ್ ಅಂತ 7776 ಪದಗಳ ಇಂಗ್ಲಿಷ್ ಪಟ್ಟಿಯಿದೆ. ಲೂಡೋ ದಾಳ ಐದು ಸಲ ಉರುಳಿಸಿದರೆ ಒಂದು ಪದ. ಬರೀ ನಾಲ್ಕು ಪದಕ್ಕೇ 3,600 ಲಕ್ಷ ಕೋಟಿಗೂ ಹೆಚ್ಚು ಜೋಡಣೆ ಆಗುತ್ತೆ. ಕನ್ನಡದ್ದೇ ಬೇಕಾದರೆ ಕಣ್ಣುಮುಚ್ಚಿ ಶಬ್ದಕೋಶ ತೆರೆದು ಬೆರಳಿಡಿ.

ಒಂದೇ ಪಾಸ್‌ವರ್ಡಿನ ಬಾಲಕ್ಕೆ ಬ್ಯಾಂಕಿನ ಹೆಸರು, ಫೇಸ್‌ಬುಕ್ ಹೆಸರು ಅಂಟಿಸೋ ಜಾಣತನವೂ ಬೇಡ. ಒಂದು ಕಡೆ ಸೋರಿದರೆ ಉಳಿದವನ್ನ ಮಗು ಕೂಡ ಹೇಳುತ್ತೆ. ಈಮೇಲ್‌ಗೆ ಒಂದು, ಬಿಟ್‌ವಾರ್ಡನ್ ತರದ ಪಾಸ್‌ವರ್ಡ್ ಮ್ಯಾನೇಜರ್‌ಗೆ ಒಂದು, ಇವೆರಡು ತಲೆಯಲ್ಲಿರಲಿ. ಉಳಿದವನ್ನ ಅದೇ ಸೃಷ್ಟಿ ಮಾಡಿ ಇಟ್ಕೊಳ್ಳುತ್ತೆ. ಈಮೇಲ್ ಯಾಕೆ ಅಂದ್ರೆ, ಬೇರೆ ಖಾತೆಗಳನ್ನು ರಿಸೆಟ್ ಮಾಡೋ ಲಿಂಕು ಬರೋದು ಅಲ್ಲಿಗೇ. ಅದಕ್ಕೆ ಎರಡು ಹಂತದ ಪರಿಶೀಲನೆ ಇವತ್ತೇ ಆನ್ ಮಾಡಿ. ಸ್ಮಾರ್ಟ್‌ಫೋನ್ ಇಲ್ಲದ ಮನೆಯವರು ಚೀಟಿಯಲ್ಲಿ ಬರೆದು ಮಾರ್ಕ್ಸ್‌ಕಾರ್ಡ್ ಜೊತೆ ಟ್ರಂಕಿನಲ್ಲಿಡಲಿ, ತಪ್ಪಿಲ್ಲ. ಸೈಬರ್ ಸೆಂಟರ್‌ಗೆ ಹೋಗಲೇಬೇಕಾದರೆ ಮೊಬೈಲ್ ನಂಬರ್ ನಿಮ್ಮದೇ ಕೊಡಿ, ಪಾಸ್‌ವರ್ಡ್ ನೀವೇ ಒತ್ತಿ, ಹೊರಡುವಾಗ ಲಾಗೌಟ್ ಮಾಡಿ. ಇನ್ನೊಬ್ಬರ ಪಾಸ್‌ವರ್ಡನ್ನ ಮೋಸದಿಂದ ಬಳಸಿದರೆ ಐಟಿ ಕಾಯ್ದೆಯ 66ಸಿ ಪ್ರಕಾರ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಇದೆ. ಇದೂ ಗೊತ್ತಿರಲಿ.

ಭಾನುವಾರ ಸಂಜೆ ಹಾಸ್ಟೆಲ್ ಹುಡುಗರು ಮನೆಗೆ ಬರ್ತಿದ್ದಾರೆ. ಲೂಡೋ ದಾಳ, ಹಳೇ ಶಬ್ದಕೋಶ ಎರಡೂ ತೆಗೆದಿಟ್ಟಿದ್ದೀನಿ. ಹತ್ತಿರದಲ್ಲಿರೋರು ಮೊಬೈಲ್ ತಗೊಂಡು ಬನ್ನಿ. ಪಾಸ್‌ವರ್ಡ್ ಮಾತ್ರ ನನಗೂ ಹೇಳಬೇಡಿ. ಜೈಭೀಮ್.