ಅರ್ಧ ಶಟರ್

ಬ್ರೋಕರ್ ಎಂದರೇನು ಎಂದು ನಮ್ಮವರಿಗೆ ವಿವರಿಸಬೇಕಾಗಿಲ್ಲ. ಅಡಿಕೆ, ಜಾಗ, ವೀಸಾ, ಮದುವೆ ಸಂಬಂಧ, ಎಲ್ಲದಕ್ಕೂ ನಡುವೆ ಒಬ್ಬರು ಇದ್ದೇ ಇರುತ್ತಾರೆ. ಬ್ಯಾರಿ ಎಂಬ ಹೆಸರೇ ತುಳುವಿನ ‘ಬ್ಯಾರ’ದಿಂದ, ಅಂದರೆ ವ್ಯಾಪಾರದಿಂದ ಬಂತು ಎನ್ನುವವರಿದ್ದಾರೆ. ನಾನು ನೋಡಿಕೊಳ್ಳುವ ಬ್ರೋಕರ್ ಮಾತ್ರ ಮನುಷ್ಯನಲ್ಲ, ರ‍್ಯಾಬಿಟ್‌ಎಂಕ್ಯೂ ಎಂಬ ಸಾಫ್ಟ್‌ವೇರ್. ಒಂದು ಪ್ರೋಗ್ರಾಂ ಕೊಟ್ಟ ಮೆಸೇಜನ್ನು ಸಾಲಿನಲ್ಲಿ ಇಟ್ಟುಕೊಂಡು ಇನ್ನೊಂದಕ್ಕೆ ತಲುಪಿಸುತ್ತದೆ. ಆ ಕಡೆಯಿಂದ ‘ಸಿಕ್ಕಿತು’ ಎಂಬ ಉತ್ತರ ಬಂದ ಮೇಲೆ ಹೊಡೆದು ಹಾಕುತ್ತದೆ. ಕಮಿಷನ್ ಇಲ್ಲ.

ನಾನು ಕಲಿತದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಮಂಗಳೂರಿನ ಹತ್ತಿರದ ಒಂದು ಗೋದಾಮಿಗೆ ಕನ್ವೇಯರ್ ಬೆಲ್ಟ್ ರಿಪೇರಿಗೆಂದು ಸೇರಿದವನು, ಮೆಲ್ಲನೆ ಬೆಲ್ಟ್ ನಡೆಸುವ ಕಂಪ್ಯೂಟರಿನ ಕಡೆಗೆ ಹೋದೆ. ಬೆಲ್ಟಿನ ಮೇಲೆ ಮಾಲು ಇರುವಾಗ ಕರೆಂಟ್ ತೆಗೆಯಬಾರದು, ಖಾಲಿ ಓಡಿಸಿ ನಿಲ್ಲಿಸಬೇಕು ಎಂದು ಅಲ್ಲಿನ ಹಳೆಯ ಫಿಟ್ಟರ್ ಹೇಳಿಕೊಟ್ಟಿದ್ದರು. ಸರ್ವರ್‌ಗೂ ಅದು ಹೊಂದುತ್ತದೆ.

ಕಮಾಂಡ್ ಲೈನಿನಲ್ಲಿ ನಿಲ್ಲಿಸುವುದು ಒಂದು ಸಾಲಿನ ಕೆಲಸ. ‘ರ‍್ಯಾಬಿಟ್‌ಎಂಕ್ಯೂಸಿಟಿಎಲ್ ಸ್ಟಾಪ್_ಆ್ಯಪ್’ ಎಂದರೆ ಬ್ರೋಕರ್ ಮಾತ್ರ ನಿಲ್ಲುತ್ತದೆ, ಅದರ ಕೆಳಗಿನ ಅರ್ಲಾಂಗ್ ಓಡುತ್ತಲೇ ಇರುತ್ತದೆ. ಬರೀ ‘ಸ್ಟಾಪ್’ ಎಂದರೆ ಎರಡೂ ನಿಲ್ಲುತ್ತವೆ. ‘ಶಟ್‌ಡೌನ್’ ಎಂದರೆ ಪ್ರೋಸೆಸ್ ಪೂರ್ತಿ ಮುಗಿಯುವವರೆಗೆ ಕಮಾಂಡ್ ಕಾದು ನಿಲ್ಲುತ್ತದೆ. ನನಗೆ ಇಷ್ಟ ಇದೇ. ಇವೆಲ್ಲ ಮರ್ಯಾದೆಯ ದಾರಿಗಳು. ಅವಸರದವರಿಗೆ ‘ಕಿಲ್ -9’ ಇದೆ. 15ನೇ ಸಿಗ್ನಲ್ ‘ಮುಗಿಸಿಕೋ’ ಎಂದು ಕೇಳುತ್ತದೆ, 9 ಕೇಳುವುದೇ ಇಲ್ಲ, ಕುತ್ತಿಗೆ ಹಿಡಿದು ಹೊರಗೆ ಹಾಕುತ್ತದೆ.

ಆದರೆ ಎಷ್ಟೇ ಮರ್ಯಾದೆಯಿಂದ ನಿಲ್ಲಿಸಿದರೂ ಎಲ್ಲ ಮೆಸೇಜುಗಳು ಉಳಿಯುವುದಿಲ್ಲ. ಕ್ಯೂ ‘ಡ್ಯೂರೆಬಲ್’ ಆಗಿರಬೇಕು, ಮೆಸೇಜೂ ‘ಪರ್ಸಿಸ್ಟೆಂಟ್’ ಆಗಿರಬೇಕು. ಒಂದು ಇದ್ದು ಇನ್ನೊಂದು ಇಲ್ಲದಿದ್ದರೆ ಸರ್ವರ್ ಮತ್ತೆ ಎದ್ದಾಗ ಆ ಮೆಸೇಜ್ ಇರುವುದಿಲ್ಲ. ಉಪ್ಪನಿಗೆ ಇದನ್ನು ಹೇಳಿದಾಗ, “ಉದ್ರಿ ಪುಸ್ತಕದಲ್ಲಿ ಬರೆಯದೆ ತಲೆಯಲ್ಲಿ ಇಟ್ಟುಕೊಂಡ ಹಾಗೆ” ಎಂದರು. ಐದು ವರ್ಷ ಈ ಕೆಲಸ ಮಾಡಿದ ನನಗೆ ಇಷ್ಟು ಚಿಕ್ಕದಾಗಿ ಹೇಳಲು ಬಂದಿರಲಿಲ್ಲ.

ನಮ್ಮ ಗೋದಾಮಿನಲ್ಲಿ ಹಾಗೆ ತಲೆಯಲ್ಲಿ ಉಳಿದಿದ್ದದ್ದು ಹಾಜರಿ. ಪ್ಯಾಕಿಂಗ್ ಕೆಲಸದವರ ಪಂಚ್ ಮೆಸೇಜುಗಳನ್ನು ಯಾರೋ ಹಿಂದೆ, ವೇಗ ಸಿಗಲಿ ಎಂದು, ಡಿಸ್ಕಿಗೆ ಬರೆಯದ ಹಾಗೆ ಇಟ್ಟಿದ್ದರು. ಒಂದು ರಾತ್ರಿ ಅಪ್‌ಡೇಟಿಗಾಗಿ ಸರ್ವರ್ ನಿಲ್ಲಿಸಬೇಕಿತ್ತು. ‘ಲಿಸ್ಟ್_ಕ್ಯೂಸ್’ ಹೊಡೆದು ನೋಡಿದರೆ ಹಾಜರಿಯ ಸಾಲಿನಲ್ಲಿ ಇನ್ನೂ ಮುನ್ನೂರಕ್ಕೂ ಹೆಚ್ಚು ಬಾಕಿ. ಓವರ್‌ಟೈಮ್ ಲೆಕ್ಕವೆಲ್ಲ ಅದರಲ್ಲೇ. “ಕಿಲ್ ಮಾಡಿ, ನಾಳೆ ನೋಡೋಣ” ಎಂದರು ಮ್ಯಾನೇಜರ್ ಫೋನಿನಲ್ಲಿ. ನಾಳೆ ನೋಡುವುದೆಂದರೆ, ದಿನಗೂಲಿಯವರು ತಾವು ಕೆಲಸ ಮಾಡಿದ್ದನ್ನು ತಾವೇ ಸಾಬೀತು ಮಾಡುವುದು. ಅದು ಆಗುವ ಮಾತಲ್ಲ.

ಉಪ್ಪ ರಾತ್ರಿ ಅಂಗಡಿ ಮುಚ್ಚುವಾಗ ಶಟರ್ ಒಮ್ಮೆಲೇ ಎಳೆಯುವುದಿಲ್ಲ, ಅರ್ಧಕ್ಕೆ ಇಳಿಸುತ್ತಾರೆ. ಹೊಸಬರು ಬರುವುದಿಲ್ಲ, ಒಳಗಿದ್ದವರಿಗೆ ಅಕ್ಕಿ, ಸಕ್ಕರೆ ತೂಗಿ ಕೊಟ್ಟಾಗುತ್ತದೆ. ನಾನೂ ಹಾಗೇ ಮಾಡಿದೆ. ಪಾಳಿ ಬದಲಾಗಿ ಪಂಚ್ ಮುಗಿದಿತ್ತು. ಕಳುಹಿಸುವ ಪ್ರೋಗ್ರಾಂ ಮೊದಲು ನಿಲ್ಲಿಸಿದೆ, ತೆಗೆದುಕೊಳ್ಳುವುದನ್ನು ಓಡಲು ಬಿಟ್ಟೆ. ಬಾಕಿ ಇಳಿಯುತ್ತಾ ಬಂತು. ಕೊಟ್ಟು ಉತ್ತರ ಬಾರದ ಮೆಸೇಜುಗಳ ಕಾಲಮ್ ಬೇರೆಯೇ ಇದೆ, ಅದನ್ನೂ ನೋಡಬೇಕು. ಎರಡೂ ಸೊನ್ನೆಯಾಗಲು 22 ನಿಮಿಷ ಹಿಡಿಯಿತು. ಅಷ್ಟರಲ್ಲಿ ಮ್ಯಾನೇಜರ್ ಮೂರು ಸಲ ಫೋನ್ ಮಾಡಿದ್ದರು.

ಆ ವರ್ಷದ ಅಪ್ರೈಸಲ್‌ನಲ್ಲಿ ನನ್ನ ಬಗ್ಗೆ ‘ನಿಧಾನ’ ಎಂದು ಬರೆದಿದ್ದರು. ಇನ್‌ಕ್ರಿಮೆಂಟೂ ನಿಧಾನವಾಯಿತು ಅನ್ನಿ. ಹಾಜರಿ ಮೆಸೇಜುಗಳು ಈಗ ಡಿಸ್ಕಿಗೆ ಹೋಗುತ್ತವೆ. ಅದಕ್ಕೆ ನಾಲ್ಕು ಮೇಲ್ ಹಾಕಬೇಕಾಯಿತು. ಈಗ ಒಂದರ ಬದಲು ಮೂರು ಸರ್ವರ್‌ಗಳಿವೆ. ಮೂರನ್ನೂ ನಿಲ್ಲಿಸುವ ದಿನ, ಕೊನೆಗೆ ನಿಲ್ಲಿಸಿದ್ದನ್ನು ಮೊದಲು ಎಬ್ಬಿಸಬೇಕು. ಆ ಕ್ರಮವನ್ನು ಕಾಗದದಲ್ಲಿ ಬರೆದು ರ‍್ಯಾಕಿನ ಬಾಗಿಲಿಗೆ ಅಂಟಿಸಿದ್ದೇನೆ, ಕನ್ನಡದಲ್ಲೇ.